ಪೊಲೀಸ್ ನೇಮಕಾತಿ: ವಯಸ್ಸು ಮೀರಿತೆಂದು ಕೈಬಿಡುವ ಮೊದಲು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಹುಡುಗರು 1,600 ಮೀಟರ್ ಓಟವನ್ನು ಆರೂವರೆ ನಿಮಿಷದೊಳಗೆ ಮುಗಿಸಲು ನಸುಕಿನಲ್ಲೇ ಎದ್ದು ಬೆವರು ಹರಿಸುತ್ತಾರೆ. ಮೈದಾನಕ್ಕೆ ಇಳಿಯುವ ಮೊದಲೇ ವಯಸ್ಸಿನ ಕಾರಣಕ್ಕೆ ಹೊರಬೀಳುವವರೂ ಅವರಲ್ಲಿದ್ದಾರೆ. ಕೆಲವರಿಗೆ ನಿಜವಾಗಿಯೂ ವಯಸ್ಸು ಮೀರಿರುತ್ತದೆ. ಇನ್ನು ಕೆಲವರಿಗೆ ರಿಯಾಯಿತಿ ಇದ್ದೂ ಅದನ್ನು ತೋರಿಸುವ ಕಾಗದ ಕೈಯಲ್ಲಿರುವುದಿಲ್ಲ. ಈ ಎರಡನೆಯವರ ನಷ್ಟ ತಪ್ಪಿಸಬಹುದಾದದ್ದು.

ಮೊದಲು ಮಿತಿ ಯಾವುದೆಂದು ತಿಳಿಯಿರಿ. ರಾಜ್ಯದ ಬಹುತೇಕ ಹುದ್ದೆಗಳಿಗೆ 1977ರ ಸಾಮಾನ್ಯ ನೇಮಕಾತಿ ನಿಯಮಗಳ ಪ್ರಕಾರ 35, 38, 40 ವರ್ಷಗಳ ಮಿತಿ ಇದೆ. ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗೆ ಓದುವವರ ಬಾಯಲ್ಲಿ ಇರುವುದು ಈ ಅಂಕಿಗಳೇ. ಪೊಲೀಸ್ ಇಲಾಖೆಗೆ ಪ್ರತ್ಯೇಕ ನಿಯಮಗಳಿರುವುದರಿಂದ ಅವು ಇಲ್ಲಿ ನಡೆಯುವುದಿಲ್ಲ. 2022ರ ಅಧಿಸೂಚನೆಗಳಲ್ಲಿ ಸಿವಿಲ್ ಕಾನ್‌ಸ್ಟೆಬಲ್ ಹುದ್ದೆಗೆ ಕನಿಷ್ಠ 19, ಸಶಸ್ತ್ರ ಕಾನ್‌ಸ್ಟೆಬಲ್ ಹುದ್ದೆಗೆ ಕನಿಷ್ಠ 18 ವರ್ಷ ಇತ್ತು. ಗರಿಷ್ಠ ಮಿತಿ ಸಾಮಾನ್ಯ ವರ್ಗಕ್ಕೆ 25, ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗಗಳಿಗೆ 27. ಪಿಎಸ್‌ಐ ಹುದ್ದೆಗೆ 2021ರಲ್ಲಿ 21ರಿಂದ 30, ಮೀಸಲು ವರ್ಗಗಳಿಗೆ 32.

ಕಾನ್‌ಸ್ಟೆಬಲ್ ಅಧಿಸೂಚನೆಯಲ್ಲಿ ಬುಡಕಟ್ಟು ಅಭ್ಯರ್ಥಿಗಳಿಗೆ 30 ವರ್ಷದವರೆಗೆ ಅವಕಾಶವಿದೆ ಎಂಬ ಸಾಲನ್ನು ಓದಿ ನಮ್ಮ ಭಾಗದ ಪರಿಶಿಷ್ಟ ಪಂಗಡದ ಅಭ್ಯರ್ಥಿಗಳು ಮೋಸಹೋಗಬಾರದು. ಅದು ಜೇನುಕುರುಬ, ಸೋಲಿಗ, ಸಿದ್ದಿಯಂಥ ಹೆಸರಿಸಿದ ಅರಣ್ಯವಾಸಿ ಸಮುದಾಯಗಳಿಗೆ ಮಾತ್ರ. ವಾಲ್ಮೀಕಿ ನಾಯಕರಿಗೆ 2022ರಲ್ಲಿ 27ರ ಮಿತಿಯೇ ಅನ್ವಯವಾಗಿತ್ತು.

ಎರಡನೆಯದು, ವಯಸ್ಸಿನ ಲೆಕ್ಕ. ಅರ್ಜಿ ಸಲ್ಲಿಸಲು ನಿಗದಿಯಾದ ಕೊನೆಯ ದಿನಕ್ಕೆ ನಿಮಗೆಷ್ಟು ವಯಸ್ಸು ಎಂಬುದಷ್ಟೇ ಮುಖ್ಯ. ಪರೀಕ್ಷೆಯ ದಿನವಾಗಲಿ, ಫಲಿತಾಂಶದ ದಿನವಾಗಲಿ ಲೆಕ್ಕಕ್ಕಿಲ್ಲ. ಜನ್ಮದಿನಾಂಕವನ್ನು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಿಂದ ತೆಗೆದುಕೊಳ್ಳುತ್ತಾರೆ. ಹಳ್ಳಿಗಳಲ್ಲಿ ಶಾಲೆಗೆ ಸೇರಿಸುವಾಗ ಮಾಸ್ತರರು ಜೂನ್ 1 ಎಂದು ಬರೆದುಬಿಟ್ಟ ಮಕ್ಕಳು ಎಷ್ಟೋ ಮಂದಿ. ಆ ತಾರೀಖು ತಪ್ಪಿದ್ದರೆ ಸಿವಿಲ್ ನ್ಯಾಯಾಲಯದ ಡಿಕ್ರಿ ತರಬೇಕಾಗುತ್ತದೆ. ಅದು ತಿಂಗಳುಗಟ್ಟಲೆ ಹಿಡಿಯುವ ಕೆಲಸ, ಅಧಿಸೂಚನೆ ಬಂದ ಮೇಲೆ ಓಡಾಡಿದರೆ ಆಗದು.

ಮೂರನೆಯದು, ಕಾಗದ. ಹೆಚ್ಚು ಜನ ಎಡವುವುದು ಇಲ್ಲಿ. 2ಎ, 2ಬಿ, 3ಎ, 3ಬಿ ಪ್ರವರ್ಗದವರ ಜಾತಿ-ಆದಾಯ ಪ್ರಮಾಣಪತ್ರಕ್ಕೆ 5 ವರ್ಷಗಳ ಅವಧಿ. ಪಿಯುಸಿ ಪ್ರವೇಶಕ್ಕೆ ಮಾಡಿಸಿದ್ದು ಈಗ ಮುಗಿದಿರಬಹುದು. ಅರ್ಜಿಯ ಕೊನೆಯ ದಿನದಂದು ಚಾಲ್ತಿಯಲ್ಲಿರುವ ಪತ್ರವಿಲ್ಲದಿದ್ದರೆ ನಿಮ್ಮನ್ನು ಸಾಮಾನ್ಯ ವರ್ಗವೆಂದು ಎಣಿಸುತ್ತಾರೆ, ಮೀಸಲಾತಿಯ ಜೊತೆಗೆ 2 ವರ್ಷದ ವಯೋ ರಿಯಾಯಿತಿಯೂ ಹೋಗುತ್ತದೆ. 25ರ ಮಿತಿ ಇದ್ದಾಗ 26 ತುಂಬಿದವರಿಗೆ ಅದೇ ಅರ್ಜಿಯ ಕೊನೆ. ಆದ್ದರಿಂದ ಇವತ್ತೇ ನಾಡಕಚೇರಿಗೆ ಹೋಗಿ ಹೊಸದು ಮಾಡಿಸಿ, ಅದರ ಆರ್‌ಡಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟಿ, ನಿಡಗುಂದಿ, ಕೊಲ್ಹಾರ ಈಗ ಬೇರೆ ತಾಲ್ಲೂಕುಗಳು. ಅರ್ಜಿಯಲ್ಲೂ ಪ್ರಮಾಣಪತ್ರದಲ್ಲೂ ತಾಲ್ಲೂಕಿನ ಹೆಸರು ಒಂದೇ ಇರಲಿ.

ಸೊಲ್ಲಾಪುರ, ಜತ್ತ ಕಡೆಯಿಂದ ಇಂಡಿ, ಚಡಚಣಕ್ಕೆ ಸೊಸೆಯಾಗಿ ಬಂದವರು ಒಂದು ಮಾತು ಗಮನಿಸಬೇಕು. ಜಾತಿ ಬರುವುದು ಹುಟ್ಟಿನಿಂದ, ಮದುವೆಯಿಂದಲ್ಲ. ಮಹಾರಾಷ್ಟ್ರದ ಪರಿಶಿಷ್ಟ ಜಾತಿ ಪ್ರಮಾಣಪತ್ರ ಕರ್ನಾಟಕದ ನೇಮಕಾತಿಯಲ್ಲಿ ನಡೆಯುವುದಿಲ್ಲ.

ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮ ಮೀಸಲಾತಿ, ಆಲಮಟ್ಟಿ ಹಿನ್ನೀರಿನಲ್ಲಿ ಹೊಲ-ಮನೆ ಕಳೆದುಕೊಂಡವರಿಗೆ ಸಿಗುವ ಯೋಜನಾ ನಿರಾಶ್ರಿತರ ಮೀಸಲಾತಿ, ಇವೆಲ್ಲ ಹುದ್ದೆಯ ಹಂಚಿಕೆಗೆ ಸಂಬಂಧಿಸಿದವು. ಇವುಗಳಿಂದ ವಯಸ್ಸಿನಲ್ಲಿ ಒಂದು ದಿನವೂ ಹೆಚ್ಚುವುದಿಲ್ಲ. ಸಂವಿಧಾನದ 371(ಜೆ) ವಿಧಿಯಡಿಯ ಮೀಸಲಾತಿ ಕೂಡ ಹಾಗೆಯೇ. ಮೇಲಾಗಿ ಅದು ವಿಜಯಪುರ ಜಿಲ್ಲೆಗೆ ಅನ್ವಯಿಸುವುದೇ ಇಲ್ಲ. ಪಕ್ಕದ ಅಫಜಲಪುರ, ಜೇವರ್ಗಿಯ ಗೆಳೆಯರು ಆ ಪ್ರಮಾಣಪತ್ರ ಹಾಕುತ್ತಾರೆಂದು ಸಿಂದಗಿಯವರು ಹಾಕುವಂತಿಲ್ಲ. ಮಾಜಿ ಸೈನಿಕರಿಗೆ ಮಾತ್ರ ದೊಡ್ಡ ಅವಕಾಶವಿದೆ: ಸೇನೆಯಲ್ಲಿ ಕಳೆದಷ್ಟು ವರ್ಷಗಳ ಜೊತೆಗೆ ಇನ್ನೂ 3 ವರ್ಷ. ಬಿಡುಗಡೆ ಪತ್ರ ಕೈಯಲ್ಲಿರಲಿ.

ನಾಲ್ಕನೆಯದು, ಸರ್ಕಾರ ಆಗಾಗ ಕೊಡುವ ಒಂದು ಬಾರಿಯ ಸಡಿಲಿಕೆ. ಪರಿಶಿಷ್ಟ ಜಾತಿಗಳ ಒಳಮೀಸಲಾತಿ ನಿರ್ಧಾರವಾಗಲಿ ಎಂದು 2024ರ ಅಕ್ಟೋಬರ್ ಕೊನೆಯಿಂದ ಹೊಸ ನೇಮಕಾತಿ ಅಧಿಸೂಚನೆಗಳು ನಿಂತವು. ಕಾದು ಬೇಸತ್ತ ಅಭ್ಯರ್ಥಿಗಳು 2025ರ ಸೆಪ್ಟೆಂಬರಿನಲ್ಲಿ ಧಾರವಾಡದ ಬೀದಿಗಿಳಿದರು. ಅದೇ ತಿಂಗಳು ಸರ್ಕಾರ, 2027ರ ಡಿಸೆಂಬರ್ 31ರವರೆಗಿನ ನೇರ ನೇಮಕಾತಿ ಅಧಿಸೂಚನೆಗಳಿಗೆ 3 ವರ್ಷದ ಸಡಿಲಿಕೆ ಪ್ರಕಟಿಸಿತು. ನೀವು ಮಾಡಬೇಕಾದದ್ದು ಇಷ್ಟು: ಪೊಲೀಸ್ ಅಧಿಸೂಚನೆ ಬಂದಾಗ ವಯೋಮಿತಿಯ ಕಲಂ ತೆರೆದು, ಆ ಆದೇಶದ ಉಲ್ಲೇಖ ಇದೆಯೇ, ಯಾವ ತಾರೀಖಿನಿಂದ ಯಾವ ತಾರೀಖಿನೊಳಗೆ ಹುಟ್ಟಿರಬೇಕೆಂದು ಬರೆದಿದೆ ನೋಡಿ. ಕೋಚಿಂಗ್ ಸೆಂಟರ್‌ನವರ ವಾಟ್ಸ್‌ಆ್ಯಪ್ ಸಂದೇಶ ನಂಬಿ ಲೆಕ್ಕ ಹಾಕಬೇಡಿ.

ಇಂಥ ಸಡಿಲಿಕೆ ದಯೆಯಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆ ಅಕ್ರಮದಿಂದ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಆ ಎರಡು ವರ್ಷ ಮೂರು ತಿಂಗಳು ಅಭ್ಯರ್ಥಿಗಳ ತಪ್ಪಿನಿಂದ ಕಳೆದದ್ದಲ್ಲ. ನೇಮಕಾತಿ ನಿಂತಷ್ಟು ಕಾಲ ವಯೋಮಿತಿ ತಾನಾಗಿಯೇ ಮುಂದೆ ಹೋಗುವಂತೆ ನಿಯಮದಲ್ಲೇ ಬರೆಯಬೇಕು. ಪ್ರತಿ ಸಲವೂ ಬೀದಿಗಿಳಿದು ಕೇಳುವ ಪಾಡು ಯಾರಿಗೂ ಬರಬಾರದು.

ಆ ಬದಲಾವಣೆ ಕೇಳಲು ದಾರಿಯೂ ಇದೆ. ನೇಮಕಾತಿ ನಿಯಮಗಳನ್ನು 1978ರ ಕರ್ನಾಟಕ ರಾಜ್ಯ ಸಿವಿಲ್ ಸೇವೆಗಳ ಕಾಯ್ದೆಯಡಿ ತಿದ್ದುತ್ತಾರೆ. ಮೊದಲು ಕರಡು ರಾಜ್ಯಪತ್ರದಲ್ಲಿ ಪ್ರಕಟವಾಗುತ್ತದೆ, ಆಕ್ಷೇಪಣೆ-ಸಲಹೆಗೆ ಸಾಮಾನ್ಯವಾಗಿ 15 ದಿನ ಸಿಗುತ್ತದೆ. ಯಾರು ಬೇಕಾದರೂ ಬರೆಯಬಹುದು. ಊರಿನ ಹತ್ತಾರು ಅಭ್ಯರ್ಥಿಗಳು ಸೇರಿ, ಕರಡಿನ ದಿನಾಂಕ ಮತ್ತು ಸಂಖ್ಯೆ ನಮೂದಿಸಿ, ಅದರಲ್ಲಿ ಸೂಚಿಸಿದ ವಿಳಾಸಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಪ್ರತಿಯನ್ನು ನಿಮ್ಮ ಶಾಸಕರಿಗೂ ಕೊಡಿ. ಅರ್ಹತೆಯಿದ್ದೂ ಅರ್ಜಿ ತಿರಸ್ಕೃತವಾದರೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ, ಅಂದರೆ ಕೆಎಟಿಗೆ ಹೋಗಬಹುದು. ಆಡಳಿತ ನ್ಯಾಯಮಂಡಳಿಗಳ ಕಾಯ್ದೆ ಒಂದು ವರ್ಷದ ಕಾಲಾವಕಾಶ ಕೊಟ್ಟಿದ್ದರೂ ಲಿಖಿತ ಪರೀಕ್ಷೆಗೆ ಮೊದಲೇ ವಕೀಲರನ್ನು ಕಾಣಿ.