ಎಚ್ಚರಗೊಳ್ಳದ ಯಂತ್ರ

ಸಕಲೇಶಪುರದಿಂದ ದಕ್ಷಿಣಕ್ಕೆ, ಬಿಸಿಲೆ ಘಟ್ಟದ ಕಡೆಗೆ ಸಾಗುವ ದಾರಿಯಲ್ಲಿ ಹೆತ್ತೂರು ಎದುರಾಗುತ್ತದೆ. ಬೆಟ್ಟದ ಮೈಯಲ್ಲಿ ಕಾಫಿ, ಮರಗಳ ನೆರಳಿನಲ್ಲಿ ಏಲಕ್ಕಿ, ಮರಗಳನ್ನೇ ತಬ್ಬಿಕೊಂಡ ಮೆಣಸಿನ ಬಳ್ಳಿ, ತಗ್ಗಿನಲ್ಲಿ ಭತ್ತದ ಗದ್ದೆ. ಇವೆಲ್ಲವೂ ಮಳೆಯನ್ನು ನಂಬಿ ನಿಂತವು. ಬೇಸಿಗೆಯ ಹೂಮಳೆ ಯಾವ ದಿನ ಬಿತ್ತು, ಎಷ್ಟು ಬಿತ್ತು ಎಂಬುದರ ಮೇಲೆ ಕಾಫಿಯ ಮುಂದಿನ ಫಸಲು ನಿರ್ಧಾರವಾಗುತ್ತದೆ. ಆದುದರಿಂದ ಈ ಸೀಮೆಯ ತೋಟದ ಮನೆಗಳಲ್ಲಿ ಮಳೆಮಾಪಕವನ್ನು ಇಟ್ಟು, ದಿನವೂ ಬೆಳಿಗ್ಗೆ ಇಂಚು, ಸೆಂಟುಗಳಲ್ಲಿ ಮಳೆಯನ್ನು ಅಳೆದು ಪುಸ್ತಕದಲ್ಲಿ ಬರೆದಿಡುವ ರೂಢಿಯುಂಟು. ಇಂಚಿನ ನೂರನೆಯ ಒಂದು ಭಾಗವೇ ಸೆಂಟು.

ಅಂತಹ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಅಲ್ಲಿ ಒಬ್ಬ ಅಜ್ಜ. ಒಂಬತ್ತನೆಯ ತರಗತಿಯಲ್ಲಿ ಓದುವ ಒಬ್ಬ ಮೊಮ್ಮಗಳು. ನಲವತ್ತು ವರ್ಷಗಳ ಮಳೆಯ ಲೆಕ್ಕವನ್ನು ಅವರಿಬ್ಬರೂ ಕೂಡಿ ಕಂಪ್ಯೂಟರಿಗೆ ಏರಿಸಿದ್ದಾರೆ. ಹಳೆಯ ಪುಸ್ತಕಗಳಲ್ಲಿ ಕೆಲವನ್ನು ಅನಂತರ ಗೆದ್ದಲು ತಿಂದಿತು. ಹೀಗಾಗಿ ಕೆಲವು ವರ್ಷಗಳ ಮಳೆ ಈಗ ಯಂತ್ರದಲ್ಲಿ ಮಾತ್ರ ಉಳಿದಿದೆ. ಆಷಾಢದ ಒಂದು ದಿನ ಯಂತ್ರದೊಳಗಿನ ಡಿಸ್ಕು ಕಟಕಟ ಸದ್ದು ಮಾಡತೊಡಗಿತು. ಸಕಲೇಶಪುರದ ರಿಪೇರಿಯವನು ಅದರಲ್ಲಿದ್ದ ಲೆಕ್ಕವನ್ನೆಲ್ಲ ಅಂಗೈಯಗಲದ ಒಂದು ಹೊರಡ್ರೈವಿಗೆ ಇಳಿಸಿದನು, ಅದರಲ್ಲಿಯೇ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯನ್ನೂ ಅಳವಡಿಸಿ, "ಒಳಗಿನ ಡಿಸ್ಕನ್ನು ಮರೆತುಬಿಡಿ, ಇದನ್ನು ಸಿಕ್ಕಿಸಿ ಯಂತ್ರವನ್ನು ಹಚ್ಚಿ, ಸಾಕು" ಎಂದು ಹೇಳಿ ಕಳುಹಿಸಿದನು.

ಮನೆಗೆ ತಂದು ಸಿಕ್ಕಿಸಿದರು. ಡ್ರೈವಿನ ಪುಟ್ಟ ದೀಪ ಹತ್ತಿತು. ಆದರೆ ಕಪ್ಪು ಪರದೆಯ ಮೇಲೆ ಒಂದೇ ಒಂದು ಸಾಲು ಮೂಡಿತು: ಬೂಟ್ ಮಾಡಲು ಯಾವ ಸಾಧನವೂ ಸಿಗಲಿಲ್ಲ.

'ಬೂಟ್' ಎಂಬ ಮಾತು ವಿಚಿತ್ರವಾದುದು. ತಾನು ತೊಟ್ಟ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ತನ್ನನ್ನು ತಾನೇ ಮೇಲಕ್ಕೆತ್ತಿಕೊಳ್ಳುವುದು ಎಂಬ ಇಂಗ್ಲಿಷಿನ ನುಡಿಗಟ್ಟಿನಿಂದ ಅದು ಹುಟ್ಟಿದೆ. ಕಂಪ್ಯೂಟರಿನ ಸ್ಥಿತಿಯೂ ಅಂತಹುದೇ. ಕೆಲಸಮಾಡುವಾಗ ಅದು ಬಳಸುವ ನೆನಪು ವಿದ್ಯುತ್ತು ನಿಂತೊಡನೆ ಅಳಿಸಿಹೋಗುತ್ತದೆ. ಮತ್ತೆ ವಿದ್ಯುತ್ತು ಬಂದಾಗ ತಾನು ಯಾರು, ಏನು ಮಾಡಬೇಕು ಎಂಬುದೇ ಅದಕ್ಕೆ ತಿಳಿಯದು. ಈ ಮರೆವಿನಿಂದ ಎಬ್ಬಿಸಲೆಂದು ಮದರ್‌ಬೋರ್ಡಿನ ಒಂದು ಚಿಪ್ಪಿನಲ್ಲಿ ಅಳಿಯದ ಒಂದು ಸಣ್ಣ ಕ್ರಮವಿಧಿಯನ್ನು ಬರೆದಿಟ್ಟಿರುತ್ತಾರೆ. 1981ರಲ್ಲಿ ಹೊರಬಂದ ಐಬಿಎಂ ಪರ್ಸನಲ್ ಕಂಪ್ಯೂಟರಿನಲ್ಲಿ ಅದರ ಹೆಸರು ಬಯಾಸ್. ಈಗಿನ ಯಂತ್ರಗಳಲ್ಲಿ ಅದರ ಸ್ಥಾನವನ್ನು ಯುಇಎಫ್‌ಐ ಎಂಬ ಹೊಸ ಏರ್ಪಾಡು ಪಡೆದುಕೊಂಡಿದೆ. ಅದು ಮೊದಲು ನೆನಪನ್ನೂ ಕೀಲಿಮಣೆಯನ್ನೂ ಪರೀಕ್ಷಿಸುತ್ತದೆ. ಬಳಿಕ ತನ್ನಲ್ಲಿರುವ ಒಂದು ಪಟ್ಟಿಯನ್ನು ನೋಡಿ, ಅದರಲ್ಲಿ ಹೇಳಿದ ಸರದಿಯಲ್ಲಿ ಒಂದೊಂದೇ ಸಾಧನದ ಬಾಗಿಲು ತಟ್ಟುತ್ತದೆ. ಎಲ್ಲಿ ಕಾರ್ಯವ್ಯವಸ್ಥೆ ದೊರೆಯುತ್ತದೆಯೋ ಅಲ್ಲಿ ಆಡಳಿತವನ್ನು ಅದಕ್ಕೆ ಒಪ್ಪಿಸಿ ತಾನು ಹಿಂದೆ ಸರಿಯುತ್ತದೆ. ಎಲ್ಲಿಯೂ ದೊರೆಯದಿದ್ದರೆ, ಅಜ್ಜನಿಗೆ ಕಂಡ ಆ ಸಾಲನ್ನು ಬರೆದು ನಿಂತುಬಿಡುತ್ತದೆ. ಆ ಸಾಲು ಕಂಡಿತೆಂದರೆ ಯಂತ್ರ ಸತ್ತಿಲ್ಲವೆಂದೇ ಅರ್ಥ. ಎಚ್ಚರ ಅರ್ಧದಾರಿಯವರೆಗೆ ಬಂದು ನಿಂತಿದೆ. ಎಲ್ಲಿ ನಿಂತಿತೆಂಬುದನ್ನು ಹುಡುಕಬೇಕು, ಅಷ್ಟೆ.

ಡ್ರೈವಿನಲ್ಲಿ ಏನೂ ಇಲ್ಲವೇನೋ ಎಂಬ ಶಂಕೆ ಅಜ್ಜನಿಗೆ. ಅದನ್ನು ಪಕ್ಕದ ಮನೆಗೆ ಕೊಂಡೊಯ್ದು ಅಲ್ಲಿನ ವಿಂಡೋಸ್ ಲ್ಯಾಪ್‌ಟಾಪಿಗೆ ಸಿಕ್ಕಿಸಿದರು. ಕೂಡಲೇ ಒಂದು ಪ್ರಶ್ನೆ ಮೂಡಿತು: ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ? 'ಬಳಸುವ ಮೊದಲು' ಎಂಬ ಮಾತನ್ನು ನಂಬಿ ಅಜ್ಜನ ಬೆರಳು ಮೌಸಿನ ಗುಂಡಿಯ ಮೇಲೆ ಹೋಯಿತು.

"ಬೇಡ ಅಜ್ಜ, ಒತ್ತಬೇಡಿ!" ಎಂದು ಹುಡುಗಿ ಕೈಹಿಡಿದಳು.

"ಏಕೆ ಮಗಳೇ? ಅದೇ ಕೇಳುತ್ತಿದೆಯಲ್ಲ."

"ಅದಕ್ಕೆ ಓದಲು ಬರುವುದಿಲ್ಲ ಅಜ್ಜ. ಓದಲು ಬಾರದ್ದಕ್ಕೆ ಅಳಿಸಲೇ ಎಂದು ಕೇಳುತ್ತಿದೆ."

ಹುಡುಗಿ ಹೇಳಿದುದು ಸರಿ. ಲಿನಕ್ಸ್ ತನ್ನ ಕಡತಗಳನ್ನು ಜೋಡಿಸಿಡುವ ಕ್ರಮ ವಿಂಡೋಸಿಗೆ ಸಾಮಾನ್ಯವಾಗಿ ಅರ್ಥವಾಗದು. ಅರ್ಥವಾಗದ್ದನ್ನು ಅದು ಸಿದ್ಧವಾಗದ ಡಿಸ್ಕೆಂದೇ ಎಣಿಸುತ್ತದೆ. ಇದೇ ಹಾಸನ ಜಿಲ್ಲೆಯ ಹಲ್ಮಿಡಿಯಲ್ಲಿದ್ದ ಶಾಸನವನ್ನು 1936ರಲ್ಲಿ ಎಂ. ಎಚ್. ಕೃಷ್ಣ ಅವರು ಓದಿ ಪ್ರಕಟಿಸುವ ಮುನ್ನ ಯಾರಾದರೂ ಅದನ್ನು ಬರಿಯ ಚಪ್ಪಡಿಯೆಂದು ಬಗೆದು ಉಳಿಯಿಂದ ನಯಗೊಳಿಸಿದ್ದರೆ ಏನಾಗುತ್ತಿತ್ತೋ, ಆ ಗುಂಡಿಯನ್ನು ಒತ್ತಿದ್ದರೆ ನಲವತ್ತು ವರ್ಷಗಳ ಮಳೆಗೂ ಅದೇ ಗತಿಯಾಗುತ್ತಿತ್ತು. ಲಿನಕ್ಸ್ ನಮ್ಮ ನಾಡಿಗೆ ಅಪರಿಚಿತವೇನಲ್ಲ. ಕೇರಳ ಸರ್ಕಾರ ತನ್ನ ಶಾಲೆಗಳಿಗೆ ಇದನ್ನೇ ಆರಿಸಿಕೊಂಡಿರುವುದರಿಂದ ಕಾಸರಗೋಡಿನ ಕನ್ನಡದ ಮಕ್ಕಳು ಕಂಪ್ಯೂಟರ್ ಕಲಿಯುವುದು ಇದರ ಮೇಲೆಯೇ.

ಆದರೂ ಪಕ್ಕದ ಮನೆಗೆ ಹೋದುದು ವ್ಯರ್ಥವಾಗಲಿಲ್ಲ. ಲ್ಯಾಪ್‌ಟಾಪು ಡ್ರೈವನ್ನು ಓದಲಿಲ್ಲ, ನಿಜ. ಆದರೆ ಡ್ರೈವೊಂದು ಬಂದಿದೆ ಎಂಬುದನ್ನು ಅರಿಯಿತು. ಮನೆಯ ಯಂತ್ರ ಅಷ್ಟನ್ನೂ ಅರಿತಿರಲಿಲ್ಲ. ಎರಡು ಸಲಕ್ಕೂ ಇದ್ದ ವ್ಯತ್ಯಾಸವೇನು? ಹುಡುಗಿ ಯೋಚಿಸಿದಳು. ಪಕ್ಕದ ಮನೆಯಲ್ಲಿ ಡ್ರೈವಿನೊಡನೆ ಬಂದ ಗಿಡ್ಡ ಕೇಬಲ್ಲನ್ನು ಬಳಸಿದ್ದರು. ಮನೆಯಲ್ಲಿ, ಅದು ಮೇಜಿನವರೆಗೆ ಎಟುಕದೆಂದು, ಮೊಬೈಲ್ ಚಾರ್ಜಿನ ಉದ್ದನೆಯ ಕೇಬಲ್ಲನ್ನು ಹಾಕಿದ್ದರು. ಎರಡರ ತುದಿಯೂ ಒಂದೇ ಆಕಾರ; ಎರಡೂ ಯುಎಸ್‌ಬಿ-ಸಿ.

ಮೋಸವಿರುವುದು ಇಲ್ಲಿಯೇ. ಬಡೋದೆಯಲ್ಲಿ ಹುಟ್ಟಿದ ಅಜಯ್ ಭಟ್ ಅವರು ಇಂಟೆಲ್ ಸಂಸ್ಥೆಯಲ್ಲಿ ತಮ್ಮ ಸಂಗಡಿಗರೊಡನೆ ರೂಪಿಸಿದ ಯುಎಸ್‌ಬಿ 1996ರಲ್ಲಿ ಬಳಕೆಗೆ ಬಂದಿತು. ಅದರ ಹಳೆಯ ಚಪ್ಪಟೆ ತುದಿಯನ್ನು ತಿರುಗುಮುರುಗಾಗಿ ತುರುಕಿ ಬೇಸತ್ತವರು ಅಸಂಖ್ಯರು. 2014ರಲ್ಲಿ ಬಂದ 'ಸಿ' ತುದಿಯನ್ನು ಹೇಗೆ ತಿರುಗಿಸಿದರೂ ಕೂಡುತ್ತದೆ. ಅದರೊಳಗೆ 24 ಸಂಪರ್ಕ ಬಿಂದುಗಳಿವೆ. ಆದರೆ 'ಸಿ' ಎಂಬುದು ತುದಿಯ ಆಕಾರಕ್ಕೆ ಇಟ್ಟ ಹೆಸರೇ ಹೊರತು ಒಳಗಿನ ತಂತಿಗಳಿಗೆ ಇಟ್ಟ ಹೆಸರಲ್ಲ. ವಿದ್ಯುತ್ತನ್ನು ಒಯ್ಯುವ ತಂತಿ ಬೇರೆ, ಮಾಹಿತಿಯನ್ನು ಒಯ್ಯುವ ತಂತಿ ಬೇರೆ. ಚಾರ್ಜಿನ ಕೇಬಲ್ಲುಗಳು ಬಹುಮಟ್ಟಿಗೆ ಮಾಹಿತಿಯನ್ನು ನಿಧಾನವಾಗಿ ಸಾಗಿಸುತ್ತವೆ. ಅಗ್ಗದ ಕೆಲವಂತೂ ಸಾಗಿಸುವುದೇ ಇಲ್ಲ. ದೀಪ ಹತ್ತಿತೆಂದರೆ ಡ್ರೈವಿಗೆ ಊಟ ಸಿಕ್ಕಿತೆಂದಷ್ಟೇ ಅರ್ಥ, ಮಾತು ತಲಪಿತೆಂದಲ್ಲ.

ಯಂತ್ರವನ್ನೇ ಪಕ್ಕಕ್ಕೆ ಸರಿಸಿ, ಗಿಡ್ಡ ಕೇಬಲ್ಲನ್ನು ಅದರ ಹಿಂಬದಿಗೆ ಸಿಕ್ಕಿಸಿದರು. ಹಿಂಬದಿಯ ಕಿಂಡಿಗಳು ಮದರ್‌ಬೋರ್ಡಿಗೇ ಅಂಟಿಕೊಂಡಿರುತ್ತವೆ. ಮುಂಬದಿಯವು ಒಳಗಿನ ಇನ್ನೊಂದು ತಂತಿಯ ಮೂಲಕ ಹಾದುಬರುತ್ತವೆ. ಸಂಶಯ ಬಂದಾಗ ಹಿಂಬದಿಯನ್ನೇ ನಂಬುವುದು ಮೇಲು. ಯಂತ್ರವನ್ನು ಹಚ್ಚಿ 'ಡಿಲೀಟ್' ಕೀಲಿಯನ್ನು ಮತ್ತೆ ಮತ್ತೆ ಒತ್ತಿದಾಗ ಬಯಾಸಿನ ಪುಟ ತೆರೆಯಿತು. ಕೆಲವು ಯಂತ್ರಗಳಲ್ಲಿ ಈ ಕೆಲಸಕ್ಕೆ ಎಫ್-2 ಕೀಲಿ ಇರುತ್ತದೆ. ಸಾಧನಗಳ ಪಟ್ಟಿಯಲ್ಲಿ ಈ ಬಾರಿ ಹೊರಡ್ರೈವಿನ ಹೆಸರಿತ್ತು! ಆದರೆ ಅದು ಕೊನೆಯಲ್ಲಿತ್ತು. ಮೊದಲನೆಯ ಸ್ಥಾನದಲ್ಲಿ ಕಟಕಟ ಸದ್ದಿನ ಹಳೆಯ ಡಿಸ್ಕೇ ಕುಳಿತಿತ್ತು. ಹುಡುಗಿ ಹೊರಡ್ರೈವನ್ನು ಮೇಲಕ್ಕೆ ತಂದು, ಬದಲಾವಣೆಯನ್ನು ಉಳಿಸಿ ಹೊರಬಂದಳು. ಒಂದು ನಿಮಿಷದೊಳಗೆ ಪರದೆ ಬೆಳಗಿತು. ಮಳೆಯ ಕೋಷ್ಟಕ ತೆರೆಯಿತು. ಅಜ್ಜ ಹಳೆಯ ಅಂಕಿಗಳನ್ನು ಒಂದೊಂದಾಗಿ ಓದುತ್ತ ಬಹಳ ಹೊತ್ತು ಕುಳಿತರು.

ಅಂದು ರಾತ್ರಿ ಗಾಳಿ ಬೀಸಿ ಕರೆಂಟು ಹೋಯಿತು. ಬೆಳಿಗ್ಗೆ ಯಂತ್ರವನ್ನು ಹಚ್ಚಿದರೆ ಮತ್ತೆ ಅದೇ ಕಪ್ಪು ಪರದೆ, ಅದೇ ಸಾಲು.

ಈ ಬಾರಿ ಕೇಬಲ್ಲು ಬದಲಾಗಿರಲಿಲ್ಲ, ಕಿಂಡಿಯೂ ಬದಲಾಗಿರಲಿಲ್ಲ. ಬಯಾಸಿನ ಪುಟವನ್ನು ತೆರೆದಾಗ ಹುಡುಗಿಯ ಕಣ್ಣು ಮೂಲೆಯ ದಿನಾಂಕದ ಮೇಲೆ ಬಿದ್ದಿತು. ಯಂತ್ರಕ್ಕೆ ಅಂದು 2016ರ ಜನವರಿ ಒಂದನೆಯ ತಾರೀಖು! ಸಾಧನಗಳ ಸರದಿಯೂ ಹಿಂದಿನಂತೆಯೇ ಆಗಿತ್ತು.

ಮದರ್‌ಬೋರ್ಡಿನ ಮೇಲೆ ನಾಣ್ಯದಂತಹ ಒಂದು ಬ್ಯಾಟರಿ ಇರುತ್ತದೆ. ಅದರ ಮೇಲೆ ಸಿಆರ್ 2032 ಎಂದು ಬರೆದಿರುತ್ತದೆ. 20 ಎಂದರೆ ಅಡ್ಡಳತೆ 20 ಮಿಲಿಮೀಟರ್, 32 ಎಂದರೆ ದಪ್ಪ 3.2 ಮಿಲಿಮೀಟರ್. ಅದು ಕೊಡುವುದು ಮೂರೇ ವೋಲ್ಟು. ವಿದ್ಯುತ್ತು ಇಲ್ಲದಾಗ ಗಡಿಯಾರವನ್ನು ಓಡಿಸುವುದು, ಅನೇಕ ಯಂತ್ರಗಳಲ್ಲಿ ಬಯಾಸಿಗೆ ಹೇಳಿದ ಮಾತನ್ನು ನೆನಪಿಡಿಸುವುದು ಅದರ ಕೆಲಸ. ಪ್ಲಗ್ಗಿನಲ್ಲಿ ಕರೆಂಟು ಇರುವಷ್ಟು ಕಾಲ ಈ ಬ್ಯಾಟರಿಗೆ ವಿಶ್ರಾಂತಿ. ಗುಡುಗು ಮಿಂಚಿಗೆ ಹೆದರಿ ಪ್ಲಗ್ಗನ್ನು ಕಿತ್ತಿಡುವ, ಕರೆಂಟು ಪದೇ ಪದೇ ಹೋಗುವ ಮಲೆನಾಡಿನಲ್ಲಿ ಅದಕ್ಕೆ ವಿಶ್ರಾಂತಿ ಕಡಿಮೆ, ಆಯುಸ್ಸೂ ಕಡಿಮೆ. ಪ್ಲಗ್ಗನ್ನು ಕಿತ್ತು, ಹಳೆಯ ಬ್ಯಾಟರಿಯನ್ನು ತೆಗೆದು ಹೊಸದನ್ನು ಕೂರಿಸಿ, ದಿನಾಂಕವನ್ನೂ ಸರದಿಯನ್ನೂ ತಿದ್ದಿದ ಮೇಲೆ ಯಂತ್ರ ಮತ್ತೆ ಮರೆಯಲಿಲ್ಲ.

ಎಲ್ಲ ಮನೆಗಳಲ್ಲೂ ದೋಷ ಇದೇ ಆಗಿರಬೇಕಾಗಿಲ್ಲ. ಡ್ರೈವಿನ ಹೆಸರು ಪಟ್ಟಿಯಲ್ಲಿದ್ದೂ ಯಂತ್ರ ಅದನ್ನು ನಿರಾಕರಿಸಿದರೆ 'ಸೆಕ್ಯೂರ್ ಬೂಟ್' ಎಂಬ ಕಾವಲುಗಾರ ತಡೆದಿರಬಹುದು. ಒಪ್ಪಿದ ಸಹಿ ಇಲ್ಲದ ಕಾರ್ಯವ್ಯವಸ್ಥೆಯನ್ನು ಅವನು ಒಳಗೆ ಬಿಡನು. ಡ್ರೈವು ಎಲ್ಲಿಂದ ಬಂದಿತೆಂಬುದು ಖಚಿತವಾಗಿ ತಿಳಿದಿದ್ದರೆ ಮಾತ್ರ ಆ ಕಾವಲನ್ನು ಸಡಿಲಿಸಬೇಕು. 'ಫಾಸ್ಟ್ ಬೂಟ್' ಎಂಬ ಏರ್ಪಾಡು ಅವಸರದಲ್ಲಿ ಯುಎಸ್‌ಬಿ ಕಿಂಡಿಗಳನ್ನು ನೋಡದೆಯೇ ಮುಂದೆ ಹೋಗುವುದೂ ಉಂಟು. ಇನ್ನು ಯಂತ್ರದೊಳಗಿದ್ದ ವಿಂಡೋಸನ್ನೇ ನಕಲು ಮಾಡಿ ಹೊರಡ್ರೈವಿನಿಂದ ಎಬ್ಬಿಸಲು ಹೊರಟವರು ಬಹಳ ಸಲ ಸೋಲುತ್ತಾರೆ. ಅದನ್ನು ಅಂತಹ ಬಳಕೆಗೆಂದು ರೂಪಿಸಿಲ್ಲ. ಯಾವುದನ್ನು ಪರೀಕ್ಷಿಸುವಾಗಲೂ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು. ಮೂರನ್ನು ಒಟ್ಟಿಗೆ ಬದಲಾಯಿಸಿ ಗೆದ್ದವನಿಗೆ ತಾನು ಯಾವುದರಿಂದ ಗೆದ್ದೆನೆಂಬುದು ತಿಳಿಯುವುದಿಲ್ಲ.

ಅಂದು ಸಂಜೆ ಹುಡುಗಿ ಬೇರೆ ಏನನ್ನೂ ಮಾಡುವ ಮೊದಲು ಮಳೆಯ ಕೋಷ್ಟಕವನ್ನು ಒಂದು ಪೆನ್‌ಡ್ರೈವಿಗೂ ಇಳಿಸಿ, ಅದನ್ನು ಅಜ್ಜನ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟಳು. ಯಂತ್ರ ಮಲಗಿದ್ದ ದಿನಗಳಲ್ಲಿಯೂ ಅಜ್ಜ ಅಳತೆಯನ್ನು ತಪ್ಪಿಸಿರಲಿಲ್ಲ. ಅಂಗಿಯ ಜೇಬಿನಿಂದ ಒಂದು ಚೀಟಿಯನ್ನು ತೆಗೆದು, ಕನ್ನಡಕ ಸರಿಪಡಿಸಿಕೊಂಡು ಓದತೊಡಗಿದರು. ಹುಡುಗಿ ಒಂದೊಂದೇ ಅಂಕಿಯನ್ನು ತುಂಬುತ್ತ ಹೋದಳು.