ಬೆಂಕಿಗಿಂತ ಮೊದಲು ಬರುವ ಹೊಗೆ

ರೋಗ ಬಂದ ಮೇಲೆ ಔಷಧ ಹುಡುಕುವುದಕ್ಕಿಂತ ಅದು ಬಾರದಂತೆ ನೋಡಿಕೊಳ್ಳುವುದು ಲೇಸು. ಈ ಮಾತು ಬೆಂಕಿಗೂ ಸಲ್ಲುತ್ತದೆ. ಸುಟ್ಟಗಾಯದ ಚಿಕಿತ್ಸೆ ದೀರ್ಘವಾದುದು, ನೋವಿನದು. ಎಷ್ಟೋ ಸಲ ಫಲಿಸುವುದೂ ಇಲ್ಲ.

2024ರ ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯ ಉಣಕಲ್ ಭಾಗದಲ್ಲಿ ಒಂದೇ ಕಡೆ ಮಲಗಿದ್ದ 9 ಮಂದಿ ಅಯ್ಯಪ್ಪ ಮಾಲಾಧಾರಿಗಳು, ರಾತ್ರಿ ಸೋರಿದ ಅಡುಗೆ ಅನಿಲಕ್ಕೆ ಬೆಂಕಿ ತಗುಲಿ ಸುಟ್ಟುಕೊಂಡರು. ಅವರಲ್ಲಿ 8 ಮಂದಿ ಕೆಲವೇ ದಿನಗಳಲ್ಲಿ ಒಬ್ಬೊಬ್ಬರಾಗಿ ತೀರಿಕೊಂಡರು. 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ನಗರ್ತಪೇಟೆಯಲ್ಲಿ, ಕೆಳಗೆ ವ್ಯಾಪಾರ ಮೇಲೆ ಸಂಸಾರ ಇದ್ದ ಕಟ್ಟಡಕ್ಕೆ ನಸುಕಿನಲ್ಲಿ ಬೆಂಕಿ ಬಿದ್ದು 5 ಜನ ಸತ್ತರು.

ಇಂಥ ಕಟ್ಟಡಗಳು ನಮ್ಮಲ್ಲೂ ಇವೆ. ಹುಬ್ಬಳ್ಳಿಯ ದುರ್ಗದ ಬೈಲಿನ ಸುತ್ತ ಅಂಗಡಿಗಳ ಮೇಲೆ ಮನೆಗಳಿವೆ. ಧಾರವಾಡದ ಸಪ್ತಾಪುರದಲ್ಲಿ ಒಂದೊಂದು ಕಟ್ಟಡದಲ್ಲಿ ಹತ್ತಾರು ವಿದ್ಯಾರ್ಥಿಗಳು ಬಾಡಿಗೆಗೆ ಇರುತ್ತಾರೆ. ಇವರೆಲ್ಲ ಇಳಿಯಬೇಕಾದದ್ದು ಬಹುಪಾಲು ಒಂದೇ ಮೆಟ್ಟಿಲಿನಿಂದ.

ಹೊಗೆ ಏಕೆ ಅಪಾಯ?

ಕಟ್ಟಡಕ್ಕೆ ಬೆಂಕಿ ಬಿದ್ದಾಗ ಉರಿಗಿಂತ ಹೊಗೆಯಿಂದಲೇ ಹೆಚ್ಚು ಜನ ಸಾಯುತ್ತಾರೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಆಗ ಮಿದುಳಿಗೆ ಆಮ್ಲಜನಕ ಸಾಲದೆ ತಲೆ ಸುತ್ತುತ್ತದೆ, ಕಾಲು ಸೋಲುತ್ತದೆ, ಎಚ್ಚರ ತಪ್ಪುತ್ತದೆ. ಮಲಗಿದವನು ನಿದ್ದೆಯಿಂದ ಏಳುವುದೇ ಇಲ್ಲ. ಹೊಗೆಯ ವಾಸನೆಗೆ ತಾನೇ ಎಚ್ಚರವಾಗುತ್ತದೆ ಎಂದು ಯಾರೂ ನಂಬಬಾರದು.

2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ 9 ಜನ ಸತ್ತರು. ಅಲ್ಲಿಯೂ ಹೊಗೆ ತುಂಬಿ, ಹೊರದಾರಿ ಸಿಗದೆ, ಕೆಲವರು ಮೇಲಿನಿಂದ ಜಿಗಿದಿದ್ದರು.

ಕಟ್ಟಡಕ್ಕೂ ಆರೋಗ್ಯ ತಪಾಸಣೆ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2005ರ ಆದೇಶದಂತೆ ವ್ಯಾಪಾರ ಸ್ಥಳಗಳಿಗೂ ಬಾಡಿಗೆ ಕಟ್ಟಡಗಳ ಸಾಮಾನ್ಯ ಭಾಗಗಳಿಗೂ ಬೆಂಕಿಯ ಅಪಾಯದ ಪರಿಶೀಲನೆ ಕಡ್ಡಾಯ. ನಮ್ಮಲ್ಲಿ ಎತ್ತರದ ಕಟ್ಟಡಗಳಿಗೆ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು. ಎರಡು ಮೂರು ಅಂತಸ್ತಿನ ಹಳೆಯ ಕಟ್ಟಡವನ್ನು ಮಾಲೀಕರು ಮತ್ತು ಬಾಡಿಗೆದಾರರೇ ನೋಡಿಕೊಳ್ಳಬೇಕು. ಒಂದು ಭಾನುವಾರ ಇಬ್ಬರೂ ಕೂಡಿ, ನೋಟ್‌ಬುಕ್ ಹಿಡಿದು, ಕೆಳಗಿನಿಂದ ಮೇಲಿನವರೆಗೆ ನಡೆದರೆ ಸಾಕು.

1. ಬೆಂಕಿ ಎಲ್ಲಿ ಹುಟ್ಟಬಹುದು? 6 ಆಂಪಿಯರ್ ಸಾಕೆಟ್ ತಾಳಬಲ್ಲದ್ದು ಸುಮಾರು 1,380 ವಾಟ್. ನೀರು ಕಾಯಿಸುವ ರಾಡ್ ಸಾಮಾನ್ಯವಾಗಿ 1,500 ವಾಟ್‌ನದು. ಅದನ್ನು 16 ಆಂಪಿಯರ್ ಸಾಕೆಟ್ಟಿಗೇ ಹಾಕಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹರಡಿ, ಕೆಳಗೆ ಮಲಗಿದವರನ್ನು ಮೊದಲು ಆವರಿಸುತ್ತದೆ. ಆದ್ದರಿಂದ ಸಿಲಿಂಡರ್ ಇರುವ ಕೋಣೆಯಲ್ಲಿ ಮಲಗಬಾರದು. ರಾತ್ರಿ ರೆಗ್ಯುಲೇಟರ್ ಬಂದ್ ಮಾಡಬೇಕು.

2. ಯಾರಿಗೆ ಅಪಾಯ? ಮೇಲಿನ ಅಂತಸ್ತಿನ ಅಜ್ಜ ಅಜ್ಜಿ, ಚಿಕ್ಕ ಮಕ್ಕಳು, ಗರ್ಭಿಣಿಯರು, ಹೊಸದಾಗಿ ಬಂದ ವಿದ್ಯಾರ್ಥಿ. ಯಾರನ್ನು ಯಾರು ಕರೆದುಕೊಂಡು ಇಳಿಯಬೇಕು ಎಂಬುದು ಮೊದಲೇ ತೀರ್ಮಾನವಾಗಿರಲಿ.

3. ದಾರಿ ತೆರವಾಗಿದೆಯೇ? ಅನೇಕ ಕಡೆ ಮೀಟರ್ ಬೋರ್ಡ್ ಮೆಟ್ಟಿಲ ಕೆಳಗೇ ಇರುತ್ತದೆ. ಅಲ್ಲೇ ರಟ್ಟಿನ ಡಬ್ಬಿ ಪೇರಿಸಿದರೆ ಅಥವಾ ರಾತ್ರಿಯಿಡೀ ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜಿಗೆ ಹಚ್ಚಿದರೆ, ಬೆಂಕಿ ಬಿದ್ದಾಗ ಇರುವ ಒಂದೇ ದಾರಿಯೂ ಮುಚ್ಚುತ್ತದೆ. ಗ್ರಿಲ್ ಬಾಗಿಲಿನ ಕೀಲಿಕೈ ಎಲ್ಲರಿಗೂ ತಿಳಿದ ಒಂದೇ ಜಾಗದಲ್ಲಿ, ಒಳಗಿನಿಂದ ಕೈಗೆಟುಕುವಂತೆ ಇರಲಿ. ತಾರಸಿಯ ಬಾಗಿಲೂ ಒಳಗಿನಿಂದ ತೆರೆಯುವಂತಿರಲಿ.

4. ಎಚ್ಚರಿಸುವವರು ಯಾರು? ಬ್ಯಾಟರಿಯಿಂದ ನಡೆಯುವ ಹೊಗೆ ಎಚ್ಚರಿಕೆ ಗಂಟೆಯನ್ನು ಮೆಟ್ಟಿಲ ಬಳಿಯ ಛಾವಣಿಗೂ ಮಲಗುವ ಕಡೆಯೂ ಹಾಕಿಸಿ. ಅಗ್ನಿಶಾಮಕ ಸಿಲಿಂಡರಿನ ಮುಳ್ಳು ಹಸಿರು ಪಟ್ಟಿಯಲ್ಲಿ ಇದೆಯೇ ನೋಡಿ. ವಿದ್ಯುತ್ ಬೆಂಕಿಗೆ ನೀರು ಹಾಕಬೇಡಿ.

5. ಬರೆದಿಡಿ. ಕಂಡ ದೋಷ, ಸರಿಪಡಿಸಬೇಕಾದವರು, ದಿನಾಂಕ, ಈ ಮೂರನ್ನು ಬರೆದು ಇಬ್ಬರೂ ಒಂದೊಂದು ಪ್ರತಿ ಇಟ್ಟುಕೊಳ್ಳಿ. ವರ್ಷಕ್ಕೊಮ್ಮೆ, ಹಾಗೂ ಹೊಸ ಅಂಗಡಿ ಅಥವಾ ಹೊಸ ಬಾಡಿಗೆದಾರರು ಬಂದಾಗ, ಮತ್ತೆ ಪರಿಶೀಲಿಸಿ.

ಬೆಂಕಿ ಬಿದ್ದರೆ

ಸಾಮಾನು ಉಳಿಸಲು ನಿಲ್ಲಬೇಡಿ. ಹೊಗೆ ಮೇಲಕ್ಕೇರುವುದರಿಂದ ಬಗ್ಗಿ ಅಥವಾ ಅಂಬೆಗಾಲಿಟ್ಟು ಹೊರಗೆ ಬನ್ನಿ; ಬರುವಾಗ ಬಾಗಿಲು ಎಳೆದುಕೊಳ್ಳಿ. ಲಿಫ್ಟ್ ಬಳಸಬೇಡಿ. ಹೊರಗೆ ಬಂದು 101 ಅಥವಾ 112ಕ್ಕೆ ಕರೆ ಮಾಡಿ. ಬಟ್ಟೆಗೆ ಬೆಂಕಿ ಹತ್ತಿದವರು ಓಡಬಾರದು. ನೆಲದ ಮೇಲೆ ಉರುಳಬೇಕು.

ಸುಟ್ಟ ಭಾಗದ ಮೇಲೆ 20 ನಿಮಿಷ ನಳದ ತಣ್ಣೀರು ಹರಿಸಿ. ಊತ ಬರುವ ಮೊದಲೇ ಬಳೆ, ಉಂಗುರ ತೆಗೆಯಿರಿ. ಅಂಟಿಕೊಂಡ ಬಟ್ಟೆಯನ್ನು ಕೀಳಬೇಡಿ. ಟೂತ್‌ಪೇಸ್ಟ್, ಶಾಯಿ, ತುಪ್ಪ, ಮಂಜುಗಡ್ಡೆ ಬೇಡವೇ ಬೇಡ. ಸ್ವಚ್ಛ ಬಟ್ಟೆ ಹೊದಿಸಿ ಆಸ್ಪತ್ರೆಗೆ ಒಯ್ಯಿರಿ. ಹೊಗೆ ಕುಡಿದವರ ಮೂಗಿನಲ್ಲಿ ಮಸಿ ಕಂಡರೆ, ಧ್ವನಿ ಒಡೆದರೆ, ಮೈಮೇಲೆ ಗಾಯವಿಲ್ಲದಿದ್ದರೂ ವೈದ್ಯರಿಗೆ ತೋರಿಸಲೇಬೇಕು. ಗಂಟಲು ಊದಿ ಉಸಿರು ಕಟ್ಟುವುದು ಕೆಲವು ತಾಸುಗಳ ನಂತರ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ನಮಗೆಲ್ಲ ಗೊತ್ತು. ಮಗನನ್ನೋ ಮಗಳನ್ನೋ ಓದಲು ಧಾರವಾಡದಲ್ಲಿ ಕೋಣೆ ಹಿಡಿದು ಬಿಡುವ ತಂದೆ ತಾಯಿ, ನೀರು ಬರುತ್ತದೆಯೇ, ಊಟ ಹೇಗಿದೆ ಎಂದು ಕೇಳುತ್ತಾರೆ. ಇನ್ನೊಂದು ಪ್ರಶ್ನೆಯನ್ನೂ ಕೇಳಲಿ: ರಾತ್ರಿ ಬಾಗಿಲಿಗೆ ಬೀಗ ಹಾಕಿದರೆ ಕೀಲಿಕೈ ಎಲ್ಲಿರುತ್ತದೆ?