ಬೀಜವನ್ನೆಲ್ಲ ಒಂದೇ ದಿನ ಹಾಕಬೇಡ

ತಂಗೀ, ಮಾಘ ಮಾಸದಲ್ಲಿ ಮಳೆ ಬಂತೆಂದು ಆಕಾಶಕ್ಕೆ ಬೈಯುತ್ತ ಜಗಲಿಯ ಮೇಲೆ ಕೂತರೆ ಹಿತ್ತಲಲ್ಲಿ ನಿಂತ ನೀರು ಇಳಿಯುವುದಿಲ್ಲ. ಬೈಯುವುದಿದ್ದರೆ ಸಂಜೆ ಚಾ ಕುಡಿಯುತ್ತ ಇಬ್ಬರೂ ಕೂಡಿಯೇ ಬೈಯೋಣ. ಈಗ ಗುದ್ದಲಿ ತೆಗೆದುಕೋ.

ಕಾರವಾರದಲ್ಲಿ ಮನೆ ಕಟ್ಟಿಸಿ, ಹಿಂದೆ ಉಳಿದ ನಾಲ್ಕು ಗುಂಟೆಯಲ್ಲಿ ಹರಗಿ ಸೊಪ್ಪು, ಬಸಳೆ, ಅಲಸಂದೆ, ಮೊಗೆಕಾಯಿ ಎಂದು ಉಮೇದಿಯಿಂದ ಹಾಕಿಕೊಂಡಿದ್ದೆ. ಗಾಳಿಮಳೆ ಹೊಡೆದು ಬಸಳೆ ಚಪ್ಪರ ಮಲಗಿತು, ಮಾವಿನ ಹೂ ಕಪ್ಪಿಟ್ಟಿತು, ಆಗಷ್ಟೇ ಎದ್ದ ಹರಗಿ ಸಸಿ ಮಣ್ಣಿಗಂಟಿತು. "ಅಜ್ಜೀ, ಈ ವರ್ಷದ್ದು ಮುಗೀತು. ಯುಗಾದಿ ಕಳೆದ ಮೇಲೆ ಎಲ್ಲಾನೂ ಹೊಸದಾಗಿ ಒಂದೇ ಸಲ ಹಾಕಿಬಿಡ್ತೇನೆ" ಅಂದೆ. ಮುಗಿದಿಲ್ಲ. ಎಲ್ಲವನ್ನೂ ಒಂದೇ ಸಲ ಹಾಕುವ ನಿನ್ನ ಆ ಲೆಕ್ಕವನ್ನು ಮಾತ್ರ ನಾನು ಒಪ್ಪುವುದಿಲ್ಲ. ಯಾಕೆಂದು ಹೇಳುತ್ತೇನೆ, ಕೇಳು.

ನಮ್ಮ ಕಡೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಉಳಿದ ಎಂಟು ತಿಂಗಳು ಆಕಾಶ ತನ್ನ ಪಾಡಿಗೆ ತಾನಿರುತ್ತದೆ ಎಂದು ನಂಬಿಯೇ ಹಿಂದಿನವರು ಹಿತ್ತಲು ಮಾಡಿದರು. ಈಗ ಆ ಭರವಸೆ ಇಲ್ಲ. 2017ರ ಡಿಸೆಂಬರ್ ಮೊದಲ ವಾರದಲ್ಲಿ ಒಖಿ ಚಂಡಮಾರುತ ದೂರದ ಕಡಲಲ್ಲೇ ಹಾದುಹೋದರೂ ಇಲ್ಲಿನ ಕಡಲು ಕೆರಳಿತ್ತು. 2019ರ ಅಕ್ಟೋಬರ್ ಕೊನೆಗೆ ಕ್ಯಾರ್ ಬಂತು, ಅದು ಅಡಗುವ ಮೊದಲೇ ಅದೇ ಸಮುದ್ರದಲ್ಲಿ ಮಹಾ ಎದ್ದಿತು. 2021ರ ಮೇ 15ರ ಸುಮಾರಿಗೆ ತೌಕ್ತೆ ನಮ್ಮ ದಡದ ಮಗ್ಗುಲಿಗೇ ಬಂದು, ಮುಂದೆ ಗುಜರಾತಿಗೆ ಹೋಗಿ ಅಪ್ಪಳಿಸಿತು. ಪುಣೆಯ ಹವಾಮಾನ ವಿಜ್ಞಾನಿಗಳ ಲೆಕ್ಕದಲ್ಲಿ, 1982ರಿಂದ 2000ದವರೆಗಿನ ಕಾಲಕ್ಕಿಂತ 2001ರಿಂದ 2019ರವರೆಗಿನ ಕಾಲದಲ್ಲಿ ಅರಬ್ಬೀ ಸಮುದ್ರದ ಚಂಡಮಾರುತಗಳು ಸುಮಾರು ಅರ್ಧಪಟ್ಟು ಹೆಚ್ಚಿವೆ. ಕಡಲಿನ ನೀರು ಬೆಚ್ಚಗಾದಷ್ಟೂ ಗಾಳಿಗೆ ಬಲ ಬರುತ್ತದೆ. ಮಾಘ, ಫಾಲ್ಗುಣದ ಮಳೆ ಇಂಥ ಚಂಡಮಾರುತದ್ದಲ್ಲ. ಮೋಡ ಕವಿದು, ಒಂದೆರಡು ದಿನ ಹೊಡೆದು ಹೋಗುವಂಥದ್ದು. ಆದರೂ ಹೂವಿಗೆ, ಒಣಗುವ ಬೀಜಕ್ಕೆ, ಎಳೆ ಸಸಿಗೆ ಅಷ್ಟೇ ಸಾಕು. ಪಂಚಾಂಗದ ಒಂದು ದಿನವನ್ನು ನಂಬಿ ಇದ್ದ ಬೀಜವನ್ನೆಲ್ಲ ಮಣ್ಣಿಗೆ ಕೊಟ್ಟರೆ, ಆ ದಿನ ಕೈಕೊಟ್ಟಾಗ ನಿನ್ನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಹಿತ್ತಲು ಮಾಡುವವಳ ಹತ್ತಿರ ಯಾವಾಗಲೂ ಇನ್ನೊಂದು ಸಲಕ್ಕಾಗುವಷ್ಟು ಬೀಜ ಇರಬೇಕು.

ಈಗ ಕೆಲಸಕ್ಕೆ ಬರೋಣ. ಮಳೆ ಬಿಟ್ಟ ಮೇಲೆ ಮೊದಲನೆಯದು ನೀರಿಗೆ ದಾರಿ. ನಿನ್ನ ಹಿತ್ತಲಿನ ಮಣ್ಣು ಯಾವುದೆಂದು ನೋಡಿಕೋ. ಕಡಲ ಬದಿಯ ಹೊಯ್ಗೆಯಾದರೆ ನೀರು ತಾನಾಗಿಯೇ ಇಂಗುತ್ತದೆ, ಆದರೆ ಹಾಕಿದ ಗೊಬ್ಬರದ ಸಾರವನ್ನೂ ಒಯ್ಯುತ್ತದೆ. ಅಲ್ಲಿ ಕಾಲುವೆಗಿಂತ, ವಾರ ಕಳೆದು ಹಿಡಿಹಿಡಿ ಹಳೆಗೊಬ್ಬರ ಮತ್ತೆ ಕೊಡುವುದು ಮುಖ್ಯ. ಚಿರೇಕಲ್ಲಿನ ಕೆಂಪು ನೆಲವಾದರೆ ಮೇಲಿನ ಗೇಣು ಮಣ್ಣಿನ ಕೆಳಗೆ ಕಲ್ಲು. ನೀರು ಅಲ್ಲೇ ತಂಗಿ ಬೇರು ಕೊಳೆಸುತ್ತದೆ. ಅಲ್ಲಿ ಇಳಿಜಾರು ನೋಡಿ ಕಾಲುವೆ ತೆಗೆ. ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಬದಿಯ ಜಿಗುಟು ನೆಲವಾದರೆ ಈ ಮಳೆಯಿಂದ ಒಂದು ಉಪಕಾರವೂ ಇದೆ: ಮಣ್ಣಿನ ಉಪ್ಪನ್ನು ತೊಳೆದುಕೊಂಡು ಹೋಗುತ್ತದೆ. ಆದರೆ ತೊಳೆದ ನೀರು ಹೊರಗೆ ಹೋಗಬೇಕು, ಅಲ್ಲೇ ಆರಿದರೆ ಉಪ್ಪು ವಾಪಸು ಮೇಲಕ್ಕೇ ಬರುತ್ತದೆ.

ಕಾಲುವೆ ತೆಗೆಯುವಾಗ ಪಾತಿಯ ಮೇಲೆ ಕಾಲಿಡಬೇಡ. ಒದ್ದೆ ಮಣ್ಣು ತುಳಿದರೆ ಬಿಸಿಲಿಗೆ ಇಟ್ಟಿಗೆಯ ಹಾಗಾಗುತ್ತದೆ. ಅಗೆಯಬಹುದೋ ಇಲ್ಲವೋ ಎಂದು ತಿಳಿಯಲು ಒಂದು ಹಿಡಿ ಮಣ್ಣು ತೆಗೆದು ಮುಷ್ಟಿ ಕಟ್ಟಿ ಬಿಡು. ಉಂಡೆ ಹಾಗೇ ಕೂತು, ಬೆರಳ ಗುರುತು ಹೊಳೆಯುತ್ತಿದ್ದರೆ ಇನ್ನೂ ಕಾಯಬೇಕು. ಹೆಬ್ಬೆರಳಿಂದ ಒತ್ತಿದಾಗ ಪುಡಿಯಾಗಿ ಬಿದ್ದರೆ ಗುದ್ದಲಿ ಹಾಕಬಹುದು. ಪಪ್ಪಾಯಿಯ ಬುಡದಲ್ಲಿ ಮಾತ್ರ ನೀರನ್ನು ಒಂದು ರಾತ್ರಿಯೂ ನಿಲ್ಲಗೊಡಬೇಡ. ಅದರಷ್ಟು ಬೇಗ ಕೊಳೆಯುವ ಬೇರು ಹಿತ್ತಲಿನಲ್ಲಿ ಬೇರೊಂದಿಲ್ಲ.

ಎರಡನೆಯದು, ಕತ್ತಿಯನ್ನು ಮೂರು ನಾಲ್ಕು ದಿನ ಗೂಟಕ್ಕೆ ತೂಗಿಹಾಕು. ಮಳೆಯ ಮರುದಿನ ಎಲ್ಲ ಗಿಡವೂ ಸತ್ತಂತೆಯೇ ಕಾಣುತ್ತದೆ. ಬಾಗಿದ ಬದನೆ, ಮೆಣಸಿನ ಗಿಡವನ್ನು ಎತ್ತಿ ನಿಲ್ಲಿಸಿ ಬುಡಕ್ಕೆ ಮಣ್ಣೇರಿಸಿದರೆ ಬಹಳಷ್ಟು ಚೇತರಿಸಿಕೊಳ್ಳುತ್ತವೆ. ಗೊನೆ ಹೊತ್ತ ಬಾಳೆ ವಾಲಿದ್ದರೆ ಎರಡು ಬಿದಿರನ್ನು ಕತ್ತರಿಯಂತೆ ಕಟ್ಟಿ ಊರುಗೋಲು ಕೊಡು. ಮುರಿದ ಬಸಳೆ ಬಳ್ಳಿಗಾಗಿ ಅಳಬೇಡ. ಎರಡೆರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ನೆಟ್ಟರೆ ಒಂದು ಬುಡ ಇದ್ದಲ್ಲಿ ಹತ್ತಾಗುತ್ತದೆ. ಚುಕ್ಕೆ ಬಿದ್ದ ಎಲೆಯನ್ನಷ್ಟೇ ಕಿತ್ತು ದೂರ ಹಾಕು. ಗಿಡ ಬಳಲಿದೆಯೆಂದು ಕೂಡಲೇ ಗೊಬ್ಬರ ಸುರಿಯುವುದೂ ಬೇಡ. ಅಗ್ಗಕ್ಕೆ ಸಿಕ್ಕಿತೆಂದು ಹಸಿ ತಾರ್ಲೆ ಮೀನು ತಂದು ಒದ್ದೆ ಬುಡಕ್ಕೆ ಹಾಕುವವರಿದ್ದಾರೆ. ತೆಂಗಿಗಾದರೆ ಬುಡದಿಂದ ದೂರ ಹೊಂಡ ತೋಡಿ ಆಳಕ್ಕೆ ಮುಚ್ಚಬಹುದು, ಎಳೆ ತರಕಾರಿಗೆ ಅದು ಬೇರು ಸುಡುವ ಮದ್ದು.

ಮಾವಿನ ವಿಷಯ ಬೇರೆಯೇ. ನಿನ್ನ ಅಜ್ಜನ ಮನೆಯಿಂದ ಕಸಿ ತಂದು ನೆಟ್ಟ ಕರಿ ಇಷಾಡ ಅದು. 2023ರಲ್ಲಿ ನಮ್ಮ ಅಂಕೋಲೆಯ ಹೆಸರಿಗೆ ಭೌಗೋಳಿಕ ಗುರುತು ಸಿಕ್ಕಿದ ಹಣ್ಣು ಅದೇ. ಸಿಪ್ಪೆ ತೆಳು, ರಸ ಹೆಚ್ಚು. ಹೂವಿನ ಕಾಲಕ್ಕೆ ಮೋಡ ಕವಿದು ಹನಿ ಬಿದ್ದರೆ ಮೂರು ಶತ್ರುಗಳು ಒಟ್ಟಿಗೇ ಏಳುತ್ತಾರೆ: ಬೂದಿರೋಗ, ಚಿಬ್ಬುರೋಗ, ಜಿಗಿಹುಳು. ಬಿಸಿಲು ಬಂದ ದಿನ ಬೆಳಿಗ್ಗೆ ಕೈಗೆಟುಕುವ ಒಂದು ಹೂಗೊಂಚಲು ಹಿಡಿದು ನೋಡು. ಬಿಳಿ ಹಿಟ್ಟು ಬೆರಳಿಗೆ ಹತ್ತಿದರೆ ಬೂದಿರೋಗ. ಕರಿ ಚುಕ್ಕೆಯಾಗಿ ಹೂ ಉದುರಿದರೆ ಚಿಬ್ಬು. ಎಲೆ ಅಂಟಂಟಾಗಿ, ಟೊಂಗೆ ಅಲ್ಲಾಡಿಸಿದ ಕೂಡಲೇ ಗೋಧಿ ಕಾಳಿಗಿಂತ ಚಿಕ್ಕ ಹುಳಗಳು ಟಪಟಪ ಹಾರಿದರೆ ಜಿಗಿಹುಳು. ಏನೆಂದು ನೋಡದೆ ಅಂಗಡಿಯವ ಕೊಟ್ಟ ಔಷಧಿ ಹೊಡೆಯಬೇಡ. ಬೂದಿಗಾದರೆ ನೀರಲ್ಲಿ ಕರಗುವ ಗಂಧಕ ಲೀಟರಿಗೆ 3 ಗ್ರಾಂ ಸಾಕು. ಅದನ್ನು ತಂಪು ಹೊತ್ತಿನಲ್ಲಿ ಹೊಡೆ, ಪಕ್ಕದ ಸೌತೆ, ಕಲ್ಲಂಗಡಿಗೆ ತಾಗಿಸಬೇಡ, ಅವುಗಳ ಎಲೆ ಸುಡುತ್ತದೆ. ಮರ ತುಂಬ ಹೂ ಬಿರಿದಿರುವಾಗ ಹುಳದ ವಿಷ ಹೊಡೆದರೆ ನೊಣ, ಜೇನು ಸತ್ತು, ರೋಗ ಹೋದರೂ ಕಾಯಿ ಕಟ್ಟುವುದಿಲ್ಲ. ಮೊದಲ ಹೂ ಹೋಯಿತೆಂದರೆ ಎಲ್ಲ ಹೋಯಿತೆಂದಲ್ಲ, ಮಾವು ಕೆಲವೊಮ್ಮೆ ತಡವಾಗಿ ಮತ್ತೆ ಹೂ ಬಿಡುವುದುಂಟು. ಅದೂ ಬಿಡದಿದ್ದರೆ ಈ ವರ್ಷ ಅಂಕೋಲೆ ಪೇಟೆಯಲ್ಲಿ ಕೊಂಡು ತಿನ್ನು.

ಇನ್ನು ಬೀಜ. ಕಾರವಾರದ ಭಾನುವಾರದ ಸಂತೆಗೆ ಹಾಲಕ್ಕಿ ಹೆಂಗಸರು ಬುಟ್ಟಿ ಹೊತ್ತು ಬರುತ್ತಾರಲ್ಲ, ಹರಗಿ, ಮೂಲಂಗಿ ಕೊಂಡು ಸುಮ್ಮನೆ ಬರಬೇಡ. ಬೀಜಕ್ಕೆ ಯಾವ ಕಾಯಿ ಬಿಟ್ಟಿದ್ದೀರಿ ಎಂದು ಕೇಳು. ಗಿಡದಲ್ಲಿ ಮೊದಲು ಬಂದ, ರೋಗ ಇಲ್ಲದ, ಚೆಂದದ ಕಾಯಿಯನ್ನೇ ಬೀಜಕ್ಕೆ ಬಿಡಬೇಕು. ತಿಂದು ಮಿಕ್ಕ ಸೊಟ್ಟ ಕಾಯಿಯನ್ನಲ್ಲ. ನಮ್ಮ ಅಂಕೋಲೆ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಕಾಡಿನ ಗಿಡಗಳಿಗೆ ಇದನ್ನೇ ಮಾಡಿದರು. ಶಾಲೆಯ ಮೆಟ್ಟಿಲು ಹತ್ತದಿದ್ದರೂ, ಯಾವ ಮರ ಬೀಜಕ್ಕೆ ತಾಯಿ, ಅದರ ಬೀಜ ಯಾವಾಗ ಆರಿಸಬೇಕು ಎಂಬುದನ್ನು ಬಲ್ಲವರಾಗಿ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಸಿ ಎಬ್ಬಿಸಿದರು. ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲೇ ನಡೆದರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಥವರ ಊರಿನ ಮಗ್ಗುಲಲ್ಲಿ ಇದ್ದುಕೊಂಡು ಬರೀ ಪೊಟ್ಟಣದ ಬೀಜ ನಂಬಿ ಕೂರುವುದು ನಮಗೆ ಶೋಭೆಯಲ್ಲ.

ಮಳೆಯ ಮುನ್ಸೂಚನೆ ಬಂದ ದಿನ ಬೇರೆಲ್ಲ ಬಿಟ್ಟು ಒಣಗಿದ ಅಲಸಂದೆ ಕೋಡು, ಹರಗಿಯ ತೆನೆ ಕಿತ್ತು ಒಳಗೆ ತಾ. ಒದ್ದೆಯಾದ ಕೋಡು ಗಿಡದಲ್ಲೇ ಮೊಳೆಯುತ್ತದೆ, ಇಲ್ಲವೇ ಬೂಸ್ಟು ಹಿಡಿಯುತ್ತದೆ. ಒದ್ದೆಯಾಗಿ ಹೋಗಿದ್ದರೆ ಮೊರದಲ್ಲಿ ತೆಳ್ಳಗೆ ಹರವಿ, ಗಾಳಿ ಆಡುವ ನೆರಳಲ್ಲಿ ಆರಿಸು. ಬೇಗ ಒಣಗಲೆಂದು ಸ್ಲ್ಯಾಬಿನ ಕಾದ ಸಿಮೆಂಟಿನ ಮೇಲೆ ಹಾಕಿದರೆ ಬೀಜ ಬೆಂದೇ ಹೋಗುತ್ತದೆ. ಮೊಗೆ, ಸೌತೆಯ ಬೀಜಕ್ಕೆ ಬೂದಿ ಕಲಸಿ ಒಣಗಿಸು. ಹಿಂದೆ ಒಲೆಯ ಮೇಲಿನ ಅಟ್ಟ ಇತ್ತು, ಹೊಗೆಯೇ ಬೀಜ ಕಾಯುತ್ತಿತ್ತು. ನಿನ್ನದು ಗ್ಯಾಸಿನ ಅಡಿಗೆಮನೆ. ಬಿಗಿ ಮುಚ್ಚಳದ ಡಬ್ಬಿಯ ತಳಕ್ಕೆ ಒಣ ಬೂದಿ ಹಾಕಿ ಇಡು.

ಆಮೇಲೆ ಪರೀಕ್ಷೆ. ಹತ್ತು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಟ್ಟೆ ಒಣಗದಂತೆ ನೋಡಿಕೋ. ನಾಲ್ಕೈದು ದಿನದಲ್ಲಿ ಎಂಟು ಮೊಳೆತರೆ ಬೀಜ ಒಳ್ಳೆಯದು. ಐದಾರು ಮೊಳೆತರೆ ಒತ್ತೊತ್ತಾಗಿ ಹಾಕು. ಅದಕ್ಕೂ ಕಡಿಮೆಯಾದರೆ ಪಾತಿಗೆ ದಂಡ.

ಬಿತ್ತುವಾಗ ಬೀಜವನ್ನು ಮೂರು ಪಾಲು ಮಾಡು. ಒಂದು ಪಾಲು ಈಗ, ಮಣ್ಣು ಪುಡಿಯಾದ ಕೂಡಲೇ. ಇನ್ನೊಂದು ಹದಿನೈದು ದಿನ ಬಿಟ್ಟು. ಮೂರನೆಯದು ಡಬ್ಬಿಯಲ್ಲೇ ಇರಲಿ. ಮೊದಲಿನೆರಡು ಕೈಹಿಡಿದರೆ ಅದು ಮಳೆಗಾಲದ ಹಿತ್ತಲಿಗೆ, ಹಿಡಿಯದಿದ್ದರೆ ಅದೇ ನಿನ್ನ ಗಂಟು. ಹರಗಿ ಬೀಜ ಸಾಸಿವೆಗಿಂತ ಸಣ್ಣದು, ಇರುವೆಗಳು ಒಂದು ರಾತ್ರಿಯಲ್ಲಿ ಸಾಗಿಸಿಬಿಡುತ್ತವೆ. ಅದಕ್ಕೆ ಒಂದು ಹಿಡಿ ಅಕ್ಕಿತರಿ ಬೆರೆಸಿ ಎರಚು: ಇರುವೆಗಳು ತರಿಯನ್ನು ಹೊರುತ್ತವೆ, ಬೀಜ ನಿನಗೆ ಉಳಿಯುತ್ತದೆ. ಮೇಲೆ ತೆಂಗಿನ ಮಡಲು ಮುಚ್ಚಿಟ್ಟರೆ ಇನ್ನೊಂದು ಹನಿ ಮಳೆ ಬಂದರೂ ಮಣ್ಣು ಗಟ್ಟಿಕಟ್ಟುವುದಿಲ್ಲ. ಮೊಳಕೆ ಕಂಡ ದಿನ ಮಡಲು ತೆಗೆಯಲು ಮರೆಯಬೇಡ.

ಬಾವಿಯ ನೀರು ನಾಲಿಗೆಗೆ ಹಚ್ಚಿ ನೋಡುತ್ತಿರು. ಕಾಳಿ ನದಿಯ ಅಳಿವೆಯ ಬದಿಗೆ, ಕಡಲಿನ ಬದಿಗೆ ಇರುವ ಬಾವಿಗಳು ಬೇಸಿಗೆ ಏರಿದಂತೆ ಉಪ್ಪಾಗುತ್ತವೆ. ತೆಂಗು ಸ್ವಲ್ಪ ಉಪ್ಪು ತಡೆಯುತ್ತದೆ, ಬೀನ್ಸ್ ತಡೆಯುವುದಿಲ್ಲ. ಅದಕ್ಕೇ ಕಾಲ ತಪ್ಪಿದ ಮಳೆಯಲ್ಲೂ ಮಾಡಿನ ನೀರನ್ನು ಒಂದು ಡ್ರಮ್ಮಿಗೆ ಹಿಡಿದಿಟ್ಟುಕೋ ಎನ್ನುತ್ತೇನೆ. ಎಳೆ ಸಸಿಗೆ ಆ ಸಿಹಿನೀರು ಕೊಡು, ಬಾವಿಯದನ್ನು ತೆಂಗಿಗೆ ಬಿಡು. ಉಪ್ಪುಗಾಳಿ ಬೀಸಿದ ಮರುದಿನ ಎಲೆಯಂಚು ಸುಟ್ಟಂತೆ ಕಂಡರೂ ಇದೇ ನೀರಿನಿಂದ ಎಲೆ ತೊಳೆ.

ಧೈರ್ಯ ಸಾಲದಿದ್ದರೆ ಒಮ್ಮೆ ಗೋಕರ್ಣದ ಬದಿಯ ಸಾಣಿಕಟ್ಟೆಗೆ ಹೋಗಿ ಬಾ. ಜನವರಿಯಿಂದ ಮೇವರೆಗೆ ಅಲ್ಲಿನ ಆಗರಗಳಲ್ಲಿ ಉಪ್ಪು ಬೆಳೆಯುತ್ತಾರೆ. ನಿನ್ನ ಹಿತ್ತಲಿಗೆ ಬಿದ್ದ ಮಳೆಯೇ ಅವರ ಆಗರಕ್ಕೂ ಬೀಳುತ್ತದೆ, ಕಟ್ಟುತ್ತಿದ್ದ ಉಪ್ಪು ಕರಗಿಹೋಗುತ್ತದೆ. ಅವರು ಮಳೆನೀರು ಹೊರಗೆ ಬಿಟ್ಟು, ಹೊಸ ಉಪ್ಪುನೀರು ಕಟ್ಟಿ, ಪಾತಿಯನ್ನು ಮತ್ತೆ ಹದ ಮಾಡುತ್ತಾರೆ. ತೆಗೆದ ಉಪ್ಪನ್ನು ಮಾತ್ರ ಮೊದಲೇ ರಾಶಿ ಮಾಡಿ ಮುಚ್ಚಿಟ್ಟಿರುತ್ತಾರೆ. ಇದ್ದದ್ದನ್ನೆಲ್ಲ ಬಯಲಲ್ಲಿ ಬಿಡದಿರುವ ಆ ಬುದ್ಧಿ ಬೀಜದ ಡಬ್ಬಿಗೂ ಸಲ್ಲುತ್ತದೆ.

ಮುಂದೆ ಮೇ ತಿಂಗಳಿಗೂ ಈಗಲೇ ಅಣಿಯಾಗು. ತೌಕ್ತೆ ಬಂದದ್ದು ಮಾವು ಹಣ್ಣಾಗುವ ಹೊತ್ತಿಗೆ, ಜನ ಮಳೆಗಾಲದ ಬೀಜ ಹುಡುಕುವ ಹೊತ್ತಿಗೆ. ಚಪ್ಪರವನ್ನು ಆಳೆತ್ತರಕ್ಕಿಂತ ಮೇಲೆ ಕಟ್ಟಬೇಡ; ಗೂಟವನ್ನು ಮೊಳದಷ್ಟು ಆಳಕ್ಕೆ ಹೂಳಿ ಕಲ್ಲು ಬಡಿ. ಪಡುವಣ ಬದಿಗೆ ದಾಸವಾಳ, ಗ್ಲಿರಿಸಿಡಿಯಾದ ಬೇಲಿ ಎಬ್ಬಿಸು. ಕಾಂಪೌಂಡ್ ಗೋಡೆಗೆ ಬಡಿದ ಗಾಳಿ ಒಳಗೆ ಸುತ್ತಿ ಗಿಡ ಮುರಿಯುತ್ತದೆ, ಬೇಲಿಯ ಎಲೆಗಳಲ್ಲಿ ಸೋಸಿ ಬಂದ ಗಾಳಿಗೆ ಅಷ್ಟು ಬಿರುಸಿರುವುದಿಲ್ಲ. ತೆಂಗಿನ ಒಣಮಡಲು, ಒಣಗಿದ ಕಾಯಿ ಇಳಿಸಿಬಿಡು, ಹಸಿರು ಮಡಲು ಕಡಿಸಬೇಡ. ಉದುರಿದ ಒಣ ಎಲೆಯ ದರಕು ಗುಡಿಸಿ ಸುಡಬೇಡ, ಪಾತಿಗೆ ಹಾಸು. ಹವಾಮಾನ ಇಲಾಖೆ ಕಿತ್ತಳೆ, ಕೆಂಪು ಎಚ್ಚರಿಕೆ ಕೊಟ್ಟ ದಿನ ಇದ್ದದ್ದನ್ನು ಇದ್ದಲ್ಲಿಯೇ ಬಿಟ್ಟು ಒಳಗಿರು. ಹತ್ತು ಮೊಗೆಕಾಯಿ ಉಳಿಸಲು ಗಾಳಿಯಲ್ಲಿ ತೆಂಗಿನ ಬುಡಕ್ಕೆ ಹೋಗುವವರನ್ನು ನಾನು ಜಾಣರೆನ್ನುವುದಿಲ್ಲ.

ಇಂದು ಕಾಲುವೆ ತೆಗೆ. ನಾಡಿದ್ದು ಮುಷ್ಟಿ ಕಟ್ಟಿ ಮಣ್ಣು ನೋಡು. ಹತ್ತು ಬೀಜ ಈ ರಾತ್ರಿಯೇ ಬಟ್ಟೆಯಲ್ಲಿ ಸುತ್ತಿಡು, ಎಷ್ಟು ಮೊಳೆತವೆಂದು ಫೋನ್ ಮಾಡಿ ಹೇಳು. ಐದಕ್ಕಿಂತ ಕಡಿಮೆಯಾದರೆ ನನ್ನ ಡಬ್ಬಿಯಿಂದ ಹರಗಿ, ಅಲಸಂದೆ ಬೀಜ ಕಾರವಾರದ ಬಸ್ಸಿಗೆ ಹತ್ತಿಸಿ ಕಳಿಸುತ್ತೇನೆ. ಆದರೆ ನಾನೂ ಒಂದು ಪಾಲನ್ನು ಇಲ್ಲೇ ಇಟ್ಟುಕೊಂಡು, ಮಿಕ್ಕಿದ್ದನ್ನೇ ಕಳಿಸುವುದು.